ಪಂಚನಾಮೆಗೆ ಬಂದ ಮೋಜಣಿ ಕಾಕಾ

ನಡೆಯುವಾಗ ಅವರ ತುಟಿಗಳು ಸದಾ ಅಲುಗುತ್ತಿದ್ದವು. ಹಣೆಯ ಮೇಲೆ ಅಂಗಾರ, ಅಕ್ಷತೆ ಬೇರೆ. ಊರಿಗೆ ಹೊಸಬರಾದವರು, ಇವರು ಜಪ ಮಾಡುತ್ತಿದ್ದಾರೆಂದು ತಿಳಿದು ಕೈಮುಗಿದು ದಾರಿ ಬಿಡುತ್ತಿದ್ದರು. ಜಪವೂ ಇಲ್ಲ, ಗಿಪವೂ ಇಲ್ಲ, ಹೆಜ್ಜೆ ಎಣಿಸುತ್ತಿದ್ದರು! ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಇಡೀ ನೌಕರಿ ಹೊಲ ಅಳೆದೇ ಕಳೆದ ಮನುಷ್ಯ. ನಿವೃತ್ತರಾದ ಮೇಲೂ ಕಾಲಿಗೆ ಆ ಚಟ ಬಿಟ್ಟಿರಲಿಲ್ಲ. ಮನೆಯಿಂದ ಅಕ್ಕಿಆಲೂರು ಬಸ್ ಸ್ಟ್ಯಾಂಡಿಗೆ ಎಷ್ಟು ಹೆಜ್ಜೆ ಎಂದು ಕೇಳಿದರೆ, "ಮಳಿಗಾಲದಾಗೋ, ಬ್ಯಾಸಿಗ್ಯಾಗೋ?" ಎಂದು ನನ್ನನ್ನೇ ತಿರುಗಿ ಕೇಳುತ್ತಿದ್ದರು. ಮಳೆಗಾಲದಲ್ಲಿ ಕೆಸರು ಸುತ್ತಿ ಹೋಗಬೇಕಲ್ಲ, ಅದಕ್ಕೆ.

ಮೋಜಣಿ ಎಂದರೆ ಹೊಲ ಅಳೆಯುವ ಕೆಲಸ. ಹಾಗಾಗಿ ಇಡೀ ಓಣಿಗೆ ಅವರು ಮೋಜಣಿ ಕಾಕಾ. ನಾನು ಮದುವೆಯಾಗಿ ಬಂದ ದಿನದಿಂದಲೂ ಅವರದು ನಮ್ಮ ಬಾಜೂ ಮನೆ. ಅವರ ಮನೆಯಲ್ಲಿ ಮಡಿ, ಆಚಾರ ಬಹಳ. ಆದರೆ ನನ್ನ ಶೇಂಗಾ ಚಟ್ನಿಯ ಮುಂದೆ ಕಾಕಾನ ಮಡಿ ನಿಲ್ಲುತ್ತಿರಲಿಲ್ಲ. ಕಂಪೌಂಡಿನ ಆಚೆಯಿಂದ ಚಿಕ್ಕ ಬಟ್ಟಲಿನಂಥ ವಾಟಗ ಚಾಚಿ, "ತಂಗಿ, ಒಂದು ಚಮಚ ಹಾಕು, ನಿಮ್ಮ ಕಾಕೂಗ ಹೇಳಬ್ಯಾಡ" ಎನ್ನುತ್ತಿದ್ದರು. ಕಾಕೂಗೆ ಎಲ್ಲ ಗೊತ್ತಿತ್ತು.

ನಮ್ಮ ಸೀಮೆಯಲ್ಲಿ ಪಂಚರಾಗುವುದೆಂದರೆ ಮರ್ಯಾದೆಯ ಕೆಲಸ. ಯಾವುದೋ ಇಲಾಖೆಯವರು ಜಪ್ತಿಗೆ ಬಂದರೆ ಸಾಕ್ಷಿಗೆಂದು ಊರಿನ ಇಬ್ಬರನ್ನು ಕರೆಯುತ್ತಾರೆ. ಆ ಇಬ್ಬರು ಚಹಾ ಕುಡಿದು, ಖಾಲಿ ಕಾಗದದ ಅಡಿಯಲ್ಲಿ ಸಹಿ ಹಾಕಿ ಎದ್ದು ಹೋಗುತ್ತಾರೆ. ಪಂಚನಾಮೆಯನ್ನು ಸಾಹೇಬರು ಆಮೇಲೆ ಸಾವಕಾಶವಾಗಿ ತುಂಬಿಕೊಳ್ಳುತ್ತಾರೆ. ಬರೆದದ್ದನ್ನು ತೋರಿಸಿ ಎಂದು ಕೇಳಿದರೆ ಸಾಹೇಬರಿಗೆ ಅವಮಾನ ಮಾಡಿದಂತೆ ಎಂದು ನಮ್ಮವರ ತಿಳಿವಳಿಕೆ. ಕಾಕಾ ಮಾತ್ರ, "ಖಾಲಿ ಕಾಗದಕ್ಕ ನಾ ಏನು ನೋಡೇನಿ ಅಂತ ಸಹಿ ಮಾಡ್ಲಿ?" ಎಂದುಬಿಡುತ್ತಿದ್ದರು. ಅದಕ್ಕೇ ಅವರನ್ನು ಯಾರೂ ಪಂಚರಾಗಲು ಕರೆಯುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಗೋವಿನಜೋಳ ತೆನೆ ಕಟ್ಟುವ ಹೊತ್ತಿನಲ್ಲಿ, ನಾನೇ ಅವರನ್ನು ಕರೆಯಬೇಕಾಯಿತು.

ನಮ್ಮ ಹೊಲ ಗಾಯರಾಣಕ್ಕೆ, ಅಂದರೆ ದನ ಮೇಯುವ ಸರಕಾರಿ ಜಾಗಕ್ಕೆ ಹತ್ತಿಕೊಂಡಿದೆ. ಆ ದಿನ ಬೆಳಿಗ್ಗೆ ಅಲ್ಲೊಂದು ಕಾಡುಹಂದಿ ಉರುಲಿಗೆ ಸಿಕ್ಕು ಸತ್ತುಬಿದ್ದಿತ್ತು. ಹತ್ತು ಗಂಟೆಗೆ ಅರಣ್ಯ ಇಲಾಖೆಯ ಜೀಪು ಸೀದಾ ನಮ್ಮ ಹೊಲಕ್ಕೇ ನುಗ್ಗಿತು. ಶೆಡ್ಡಿನಲ್ಲಿದ್ದ ಚೀಲಗಳನ್ನು ಸುರುವಿ ಹುಡುಕತೊಡಗಿದರು. ನನಗೆ ಮೈಯೆಲ್ಲ ಉರಿಯಿತು. "ವಾರೆಂಟ್ ಐತೇನ್ರಿ ನಿಮ್ಮತ್ರ?" ಎಂದು ಅಡ್ಡ ನಿಂತೆ. ಅವರಲ್ಲಿ ಮುಖ್ಯನಾದ ಫಾರೆಸ್ಟರ್, ಇನ್ನೂ ಎಳೆ ಮುಖದವನು, "ನಮಗ ವಾರೆಂಟ್ ಬೇಕಾಗಂಗಿಲ್ರಿ ಅಕ್ಕಾರ, ಬಾಜೂ ಸರೀರಿ" ಎಂದ. ನನ್ನ ಗಂಡ ಸುರುವಿದ ಚೀಲಗಳನ್ನು ಎತ್ತಿಡತೊಡಗಿದರು. ಬೇಟೆಯ ಕೇಸಾದರೆ ಅವರು ಜೈಲಿಗೆ ಹೋಗುವುದೇ. ಪಂಚರಾಗಿ ಬರ್ರಿ ಎಂದು ನಾನು ಕಾಕಾಗೆ ಫೋನ್ ಮಾಡಿದೆ.

ಅವರು ತುಟಿ ಅಲುಗಿಸುತ್ತ ಬದುವಿನ ಮೇಲೆ ಬಂದದ್ದನ್ನು ಕಂಡು, ನಮ್ಮ ಮನುಷ್ಯ ಬಂದ ಎಂದು ಜೀವ ಬಂದಂತಾಯಿತು. ಬಂದವರೇ ಹೇಳಿದ್ದೇನು? "ಸಾಹೇಬ್ರು ಹೇಳೋದು ಖರೇ ಅದ ತಂಗಿ. ಕಾಯ್ದೆ ಹಂಗ ಅದ, ಇವ್ರಿಗೆ ವಾರೆಂಟ್ ಬ್ಯಾಡ." ಇವರನ್ನು ಯಾಕೆ ಕರೆದೆನೋ ಅನ್ನಿಸಿತು. ಅಷ್ಟರಲ್ಲಿ ಅವರು ಫಾರೆಸ್ಟರನ ಕಡೆ ತಿರುಗಿದರು. "ಆದ್ರ ಸಾಹೇಬ್ರ, ಇನ್ನ ಮುಂದ ಹುಡುಕೋಕಿಂತ ಮೊದಲ ನಿಮ್ಮ ಕಿಸೆ ತೋರಸ್ರಿ. ಒಳಗ ಏನೂ ತಂದಿಲ್ಲ ಅಂತ ಪಂಚರು ನೋಡಬೇಕಲ್ಲ. ತಗೋರಿ, ಮೊದಲ ನಂದು ನೋಡ್ರಿ." ತಮ್ಮ ಕಿಸೆ ಹೊರಗೆಳೆದರು, ಅಡಕೆ ಚೂರು, ಚಾಳೀಸು ಒರೆಸುವ ಬಟ್ಟೆ, ಅರ್ಧ ಬಿಸ್ಕೀಟು. ಫಾರೆಸ್ಟರನ ಮುಖ ಕೆಂಪಾಯಿತು. ಆದರೂ ಕಿಸೆ ತೋರಿಸಿದ. ಅವನ ಗಾರ್ಡುಗಳೂ ತೋರಿಸಿದರು.

ಶೆಡ್ಡಿನಲ್ಲಿ ಏನೂ ಸಿಗಲಿಲ್ಲ. ಫಾರೆಸ್ಟರ್, ಹಂದಿ ನಮ್ಮ ಹೊಲದಲ್ಲೇ ಸತ್ತಿದೆ ಎಂದು ಬರೆಯಲು ಹೊರಟ. ಇನ್ನೊಬ್ಬ ಪಂಚನಾಗಿ ಬಂದಿದ್ದ ಚಹಾ ಅಂಗಡಿಯವನು ಖಾಲಿ ಕಾಗದಕ್ಕೆ ಆಗಲೇ ಸಹಿ ಹಾಕಿಯಾಗಿತ್ತು! ಕಾಕಾ, "ಅಳದು ಬರೀರಿ" ಎಂದು ನಮ್ಮ ಗಡಿಕಲ್ಲಿನಿಂದ ಹೆಜ್ಜೆ ಹಾಕಿದರು. ಹಂದಿ ಬಿದ್ದದ್ದು ಗಡಿಕಲ್ಲಿನಿಂದ ನಲವತ್ತೆರಡು ಹೆಜ್ಜೆ ಆಚೆ, ಗಾಯರಾಣದಲ್ಲಿ. ಅದರ ಕುತ್ತಿಗೆಯಲ್ಲಿದ್ದದ್ದು ಮೋಟರ್ ಸೈಕಲ್ಲಿನ ಕ್ಲಚ್ ವೈರು ಎನ್ನುವುದನ್ನೂ ಬರೆಸಿದರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಆ ಭಕ್ತಿ ಐದು ನಿಮಿಷವೂ ಉಳಿಯಲಿಲ್ಲ. ತಿರುಗಿ ಬರುವಾಗ ಕಾಕಾ ನಮ್ಮ ಜೋಳದ ಸಾಲಿನಲ್ಲಿ ನಿಂತುಬಿಟ್ಟರು. ಅಲ್ಲೊಂದು ಗೂಟ, ಗೂಟಕ್ಕೆ ತೆಳ್ಳನೆಯ ಬೈಂಡಿಂಗ್ ತಂತಿಯ ಉರುಲು. ಇಲಾಖೆಯವರ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ನನ್ನ ಗಂಡನ ಮುಖ ನೋಡಿದೆ, ಅದನ್ನು ಕಟ್ಟಿದವರು ಯಾರೆಂದು ತಿಳಿಯಿತು. ಕಾಕಾನ ಅಂಗಿ ಜಗ್ಗಿ, "ಕಾಕಾ, ಹಂಗ ಬಂದುಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ" ಎಂದು ಪಿಸುಗುಟ್ಟಿದೆ. ಅವರು ನನ್ನ ಕೈ ಮೆಲ್ಲಗೆ ಬಿಡಿಸಿದರು.

"ಸಾಹೇಬ್ರ, ಇಲ್ಲೊಂದು ಅದ. ಇದನ್ನೂ ಬರಕೊಳ್ರಿ."

ನನ್ನ ಗಂಡನನ್ನು ಜೀಪಿನಲ್ಲಿ ಹಾನಗಲ್ಲಿಗೆ ಒಯ್ದರು. ನಾನು ಬದುವಿನ ಮೇಲೆ ನಿಂತು ಕಾಕಾನ ಮೇಲೆ ಹರಿಹಾಯ್ದೆ. "ಬಾಜೂ ಮನ್ಯಾಗ ಹಾವು ಇಟಗೊಂಡಿದ್ದೆ ಅಂತ ಗೊತ್ತಿರಲಿಲ್ರಿ ನನಗ" ಎಂದೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಹಿಯಾಗುತ್ತದೆ. ಅವರು ಸಿಟ್ಟಾಗಲಿಲ್ಲ. "ಪಂಚ ಅಂದ್ರ ಎರಡೂ ಕಣ್ಣು ತಗದಿರಬೇಕು ತಂಗಿ. ಒಂದು ಮುಚ್ಚಿದ್ರ ಇನ್ನೊಂದು ನೋಡಿದ್ದನ್ನ ಯಾರು ನಂಬ್ತಾರ?" ಎಂದಷ್ಟೇ ಹೇಳಿದರು.

ಸಂಜೆ ಗಂಡ ಮನೆಗೆ ಬಂದರು. ಹಾನಗಲ್ಲಿನ ದೊಡ್ಡ ಅಧಿಕಾರಿ ಪಂಚನಾಮೆಯನ್ನು ಎರಡು ಸಲ ಓದಿ, ಈ ಪಂಚ ನಿಮಗೇನಾಗಬೇಕು ಎಂದು ಕೇಳಿದರಂತೆ. ಬಾಜೂ ಮನೆಯವರು ಎಂದಾಗ, "ಸುಳ್ಳ ಸಾಕ್ಷಿ ಹೇಳಾಂವ ನಿಮ್ಮ ತಂತಿ ತೋರಸ್ತಿರಲಿಲ್ಲ. ಹಂದಿ ಗಾಯರಾಣದಾಗಿತ್ತು ಅನ್ನೋದೂ ಖರೇನ ಇರಬೇಕು" ಎಂದರಂತೆ. ಎರಡು ಕಡೆಯ ತಂತಿಯೂ ಬೇರೆ ಬೇರೆ. ಹಂದಿಯ ಕೇಸು ಬಿಟ್ಟುಹೋಯಿತು. ಉರುಲು ಕಟ್ಟಿದ್ದಕ್ಕೆ ದಂಡ ಹಾಕಿ, ಇನ್ನೊಮ್ಮೆ ಕಟ್ಟುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ಕಳಿಸಿದ್ದರು.

ಮರುದಿನ ಚಟ್ನಿ ಹಿಡಿದು ಕಂಪೌಂಡಿನ ಹತ್ತಿರ ಹೋದೆ. ಅದನ್ನು ಕೊಡುವಾಗ ಅತ್ತುಬಿಟ್ಟೆ. ಕಾಕಾ ಒಂದು ಬೆರಳು ನೆಕ್ಕಿ, "ಉಪ್ಪು ಕಡಿಮಿ ಆಗ್ಯದಲ್ಲ" ಎಂದರು. ಅವರ ಕ್ಷಮೆ ಅಷ್ಟೇ.

ಕಳೆದ ವರ್ಷ ಅವರು ತೀರಿಕೊಂಡರು. ಬೇರೆ ಕಡೆ ವರ್ಗವಾಗಿ ಹೋಗಿದ್ದ ಆ ಫಾರೆಸ್ಟರ್ ಸುದ್ದಿ ಕೇಳಿ ಬಂದಿದ್ದ. ಅಂಗಳದಲ್ಲಿ ನಿಂತು, "ಈಗ ಯಾರ ಮನಿಗೆ ಹೋದ್ರೂ ಮೊದಲ ನನ್ನ ಕಿಸೆ ನಾನ ತೋರಸ್ತೇನ್ರಿ ಅಕ್ಕಾರ, ಯಾರೂ ಕೇಳದಿದ್ರೂ" ಎಂದ. ಆಮೇಲೆ ಸ್ವಲ್ಪ ಅಳುಕುತ್ತ, ಕಾಕಾ ಇಲ್ಲದ ಈ ಊರಿನಲ್ಲಿ ತನ್ನ ಜಾಗಕ್ಕೆ ಬಂದವರು ಇನ್ನು ಪಂಚನಾಮೆಗೆ ಯಾರನ್ನು ಕರೆಯಬೇಕು ಎಂದು ಕೇಳಿದ.

ನನ್ನ ಗಂಡ ಮುಂದೆ ಬಂದರು. ಎಲ್ಲರಿಗೂ ಕೇಳುವಂತೆ, "ಜ್ವಾಳದಾಗ ಆ ತಂತಿ ಕಟ್ಟಿದಾಂವ ನಾನರಿ. ಆದ್ರೂ ನಡೀತೇತಿ ಅಂದ್ರ ನಾ ಬರ್ತೇನಿ. ಓದೇ ಸಹಿ ಹಾಕಾಂವ" ಎಂದರು.

ಆ ಮನುಷ್ಯನ ಹೆಂಡತಿ ಎಂದು ನನಗೆ ಅಷ್ಟು ಹೆಮ್ಮೆ ಅದುವರೆಗೆ ಆಗಿರಲಿಲ್ಲ. ಆ ಹೆಮ್ಮೆಯನ್ನು ನನ್ನ ಮನೆಗೆ ಕೊಟ್ಟುಹೋದವರು ಕಾಕಾ.