ಏಳನೆಯ ಮೊಳೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹುಣಸಗಿ ಸಮೀಪದ ಹಳ್ಳಿಯೊಂದರ ಕೊನೆಯ ಓಣಿಯ ತಗಡಿನ ಮನೆಯಲ್ಲಿ ಕರೆಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಎದುರಿಗೆ ಬೇವಿನ ಪಟ್ಟಿ, ಅದರಲ್ಲಿ ಸಾಲಾಗಿ ಏಳು ಮೊಳೆ. ಎಡದಿಂದ ಒಂದೊಂದಕ್ಕೂ ಒಂದೊಂದು ಸಾಮಾನು ನೇತುಹಾಕುತ್ತ ಬರುತ್ತಾರೆ: ಬೇವಿನ ಕಡ್ಡಿ, ಟವೆಲ್, ಖಾಕಿ ಅಂಗಿ, ರೊಟ್ಟಿ ಗಂಟು, ನೀರಿನ ಬಾಟಲಿ, ಬಡಿಗೆ. ಏಳನೆಯ ಮೊಳೆಯನ್ನು ಬರಿದೇ ಬಿಟ್ಟು ಒಲೆಯ ಕಡೆ ತಿರುಗುತ್ತಾರೆ.

ಗಂಡ ಯಂಕಣ್ಣ ಎದ್ದು ಬಂದು ಪಟ್ಟಿಯ ಮುಂದೆ ನಿಲ್ಲುತ್ತಾರೆ. ಕಡ್ಡಿ ತೆಗೆದುಕೊಂಡು ಹೊರಗೆ ಹೋಗುತ್ತಾರೆ, ಹಲ್ಲುಜ್ಜಿ ಬರುತ್ತಾರೆ. ಮೊದಲ ಮೊಳೆ ಖಾಲಿ. ಹಾಗಾಗಿ ಮುಂದಿನದು ಟವೆಲ್, ಅಂದರೆ ಸ್ನಾನ. ಯಾರಾದರೂ ನಡುವೆ ಮಾತಾಡಿಸಿದರೆ ಮಾಡುತ್ತಿದ್ದ ಕೆಲಸ ಅವರ ತಲೆಯಿಂದ ಜಾರಿಬಿಡುತ್ತದೆ. ಆಗ ಪಟ್ಟಿಯ ಮುಂದೆ ಬಂದು ನೋಡಿದರೆ ಎಲ್ಲಿಗೆ ಬಂದಿದ್ದೆ ಎಂಬುದು ತಿಳಿಯುತ್ತದೆ. ಕರೆಮ್ಮ ಈ ಹೊತ್ತಿನಲ್ಲಿ ಗಂಡನಿಗೆ ಏನೂ ಹೇಳುವುದಿಲ್ಲ. ಓಣಿಯವರಿಗೂ ಹೇಳಿಟ್ಟಿದ್ದಾರೆ, ಬಡಿಗೆ ಕೈಗೆ ಬರುವ ತನಕ ಯಾರೂ ಮಾತಾಡಿಸುವಂತಿಲ್ಲ.

‘ಎರಡು ಮಾತು ಕೂಡಿ ಹೇಳಿದ್ರ ಎರಡೂ ಹೋಗ್ತಾವ್ರಿ. ಒಂದು ಹೇಳಿ ಸುಮ್ನಿರಬೇಕು. ಸುಮ್ನಿರೋದು ಕಲಿಯಾಕ ನನಗ ಬಾಳ ದಿನ ಹಿಡೀತು’ ಎನ್ನುತ್ತಾರೆ.

ಯಂಕಣ್ಣ ನಾರಾಯಣಪುರ ಎಡದಂಡೆ ಕಾಲುವೆಯ ಒಂದು ಮರಿ ಕಾಲುವೆಗೆ ಲಸ್ಕರ್. ದಂಡೆಯ ಮೇಲೆ ನಡೆದು, ಪಾಳಿಯ ಪ್ರಕಾರ ತೂಬಿನ ಗೇಟು ಎತ್ತುವುದು, ಇಳಿಸುವುದು ಅವರ ದಿನಗೂಲಿ ಕೆಲಸ. ಎಂಟು ವರ್ಷದ ಹಿಂದೆ, ನೀರು ಬಂದ್ ಇದ್ದ ಬೇಸಿಗೆಯಲ್ಲಿ, ಹೂಳು ಹೊರುವ ಟ್ರ್ಯಾಲಿ ಮಗುಚಿ ತಲೆಗೆ ಪೆಟ್ಟಾಯಿತು. ಗಾಯ ಮಾಯಿತು. ರಟ್ಟೆಯ ಬಲ ಹೋಗಲಿಲ್ಲ, ಗುರುತು ಪರಿಚಯ ಹೋಗಲಿಲ್ಲ. ಹೋದದ್ದು ಯಾವುದು ಮೊದಲು, ಯಾವುದು ಆಮೇಲೆ ಎಂಬುದು. ತಾನಾಗಿ ಒಂದು ಕೆಲಸಕ್ಕೆ ಏಳುವುದು. ಅಂಗಿಗೆ ಒಂದೇ ತೋಳು ಹಾಕಿಕೊಂಡು ಮಧ್ಯಾಹ್ನದ ತನಕ ಕುಳಿತಿರುತ್ತಿದ್ದರು.

ಕಲಬುರಗಿಯ ಡಾಕ್ಟರು ವಿಷಯವನ್ನು ಬಿಡಿಸಿ ಹೇಳಿದರು. ಒಳಗಿನಿಂದ ಬರುತ್ತಿದ್ದ ಕ್ರಮವನ್ನು ಇನ್ನು ಹೊರಗಿನಿಂದ ಕೊಡಬೇಕು ಎಂದು ಚಿತ್ರಗಳ ಹಾಳೆಯೊಂದನ್ನು ಬರೆಸಿಕೊಟ್ಟರು. ಯಂಕಣ್ಣ ಅದನ್ನು ನೋಡಿ ಚಂದ ಅದ ಎಂದು ಹೊಗಳಿ ಮತ್ತೆ ಕುಳಿತರು. ಕರೆಮ್ಮ ವಾಪಸು ಹೋಗಿ ಹೇಳಿದಾಗ, ಹಾಗಾದರೆ ಕೈಗೆ ಸಿಗುವಂಥದ್ದು ಮಾಡಿ ನೋಡಮ್ಮ ಎಂದವರೂ ಅದೇ ಡಾಕ್ಟರು. ಆ ವಾರವೇ ಬೇವಿನ ಪಟ್ಟಿ ಗೋಡೆಗೆ ಬಂತು.

ಎಲ್ಲವೂ ಒಮ್ಮೆಲೇ ಸರಿಹೋಗಲಿಲ್ಲ. ಊಟದ ಹೊತ್ತು ತಿಳಿಯಲೆಂದು ಒಂದು ಗುರುತು ಹೇಳಿಕೊಟ್ಟಿದ್ದರು: ಸುರಪುರದ ಬಸ್ಸು ಕಾಲುವೆಯ ಸೇತುವೆ ದಾಟಿದರೆ ಗಂಟು ಬಿಚ್ಚಬೇಕು. ಒಂದು ದಿನ ಬಸ್ಸು ಕೆಟ್ಟು ನಿಂತಿತು. ಸಂಜೆ ಗಂಟು ಹಾಗೆಯೇ ಮನೆಗೆ ಬಂತು. ಯಾಕೆ ಉಣ್ಣಲಿಲ್ಲ ಎಂದರೆ, ಬಸ್ಸು ಬರಲಿಲ್ಲ ಎಂಬ ಉತ್ತರ. ಈಗ ಬಸ್ಸು, ಇಲ್ಲವೇ ಸೇತುವೆಯ ಬಳಿ ಚಹಾದಂಗಡಿ ಇಟ್ಟಿರುವ ಜೈತುನಬೀಯ ಕೂಗು, ಎರಡರಲ್ಲಿ ಯಾವುದು ಮೊದಲು ಬಂದರೂ ಊಟ.

ದೊಡ್ಡ ತಪ್ಪು ನಡೆದದ್ದು ಭತ್ತ ಕೊಯ್ಲಿನಲ್ಲಿ. ಆಗ ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆ ಆರನೆಯ ಮೊಳೆಗೆ ಬಡಿಗೆಯ ಜೊತೆಗೇ ತೂಗುತ್ತಿತ್ತು. ಅಂದು ಪಾಳಿ ಖಂಡಪ್ಪ ಎಂಬ ರೈತರದು. ಆದರೆ ಅವರು ಹಿಂದಿನ ದಿನವೇ ಭತ್ತ ಕೊಯ್ದು ಸಿವುಡುಗಳನ್ನು ಗದ್ದೆಯಲ್ಲಿ ಹರವಿದ್ದರು. ಯಂಕಣ್ಣ ನೇರ ಹೋಗಿ ಗೇಟು ಎತ್ತಿದರು. ಸಿವುಡೆಲ್ಲ ನೀರು ಪಾಲಾಯಿತು. ಖಂಡಪ್ಪ ಸಿಟ್ಟಿನಲ್ಲಿ ಬಂದದ್ದು ಯಂಕಣ್ಣನ ಬಳಿಗಲ್ಲ, ಕೊಯ್ಲಿನ ಕೂಲಿಯಿಂದ ಆಗಷ್ಟೇ ಮರಳಿದ್ದ ಕರೆಮ್ಮನ ಬಳಿಗೆ.

‘ಏನಬೇ ಕರೆಮ್ಮ, ನಿನ್ನ ಗಂಡಗ ಕಣ್ಣಿಲ್ಲೇನು? ಎದುರಿಗೇ ಬಿದ್ದಿದ್ದು ಕಾಣ್ಲಿಲ್ಲೇನು?’

ಉತ್ತರ ಕೊಟ್ಟವರು ಯಂಕಣ್ಣ. ‘ಕಂಡಿತ್ತಪಾ. ಆದ್ರ ಹಿಡಿಕಿ ಕೈಯಾಗ ಇತ್ತಲ್ಲ.’

ಕೆಲಸ ಹೋಗುವ ಮಾತು ಬಂತು. ಕರೆಮ್ಮ ಅಷ್ಟೂ ಸಿವುಡುಗಳನ್ನು ದಂಡೆಗೆ ಹೊತ್ತು ಒಣಹಾಕಿದರು, ಯಂಕಣ್ಣ ಜೊತೆಗೆ ಹೊತ್ತರು. ಹಿಡಿಕೆ ಕೈಯಲ್ಲಿತ್ತು ಎಂಬ ಗಂಡನ ಮಾತನ್ನು ಮಾತ್ರ ಕರೆಮ್ಮ ಮರೆಯಲಿಲ್ಲ. ಕಣ್ಣು ಕಂಡದ್ದನ್ನು ಕೈಗೆ ಹೇಳುವವರು ನಡುವೆ ಒಬ್ಬರು ಬೇಕು ಎಂಬುದು ಅವರಿಗೆ ಹೊಳೆಯಿತು. ಅಂದಿನಿಂದ ಹಿಡಿಕೆ ಜೈತುನಬೀಯ ಅಂಗಡಿಯ ಟ್ರಂಕಿನಲ್ಲಿದೆ. ಯಂಕಣ್ಣ ಮೊದಲು ಬರಿಗೈಲಿ ಹೊಲ ನೋಡಿ ಬರಬೇಕು. ಹೊಲದಲ್ಲಿ ಏನಿದೆ ಎಂದು ಜೈತುನಬೀ ಕೇಳುತ್ತಾರೆ. ನಿಂತ ಪೈರು ಎಂದರೆ ಹಿಡಿಕೆ ಸಿಗುತ್ತದೆ. ಬೇರೇನಾದರೂ ಹೇಳಿದರೆ, ಹೊಲದವರನ್ನು ಕರೆದುಕೊಂಡು ಬಾ ಎಂದು ಕಳಿಸುತ್ತಾರೆ. ಆಮೇಲೆ ಒಂದು ಪೈರೂ ಹಾಳಾಗಿಲ್ಲ ಎಂದು ಖಂಡಪ್ಪನೇ ಹೇಳುತ್ತಾರೆ.

ಜೈತುನಬೀಗೆ ಚುಡಾಯಿಸುವ ಚಟ. ‘ನಿನ್ನ ಗಂಡನ ದಿಮಾಗ ನನ್ನ ಟ್ರಂಕಿನ್ಯಾಗ ಅದವಾ, ಬಾಡಿಗಿ ಯಾವಾಗ ಕೊಡ್ತಿ?’ ಎಂದು ಸೇತುವೆಯ ಮೇಲಿಂದಲೇ ಕೂಗುತ್ತಾರೆ. ಕರೆಮ್ಮನೂ ಬಿಡುವವರಲ್ಲ: ‘ಇಟ್ಕೋ ಅಕ್ಕ, ನಿನಗೂ ಜರಾ ಬೇಕಾಗಿತ್ತಲ್ಲ.’

ಇಷ್ಟಾದರೂ ಕರೆಮ್ಮ ಕಾಯುತ್ತಿರುವುದು ಬೇರೆಯದಕ್ಕೆ. ಪೆಟ್ಟು ಬೀಳುವ ಮೊದಲು ಯಂಕಣ್ಣ ಪ್ರತಿ ಸಂತೆಗೂ ಹುಣಸಗಿಯಿಂದ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ. ಎಣ್ಣೆ ಇಳಿದ ಕಾಗದದ ಪೊಟ್ಟಣವನ್ನು ಒಲೆಯ ಮುಂದೆ ಬಿಚ್ಚಿ, ಕರಕಾದವನ್ನು ತಮ್ಮ ಕಡೆ ಎಳೆದುಕೊಂಡು ಚೆನ್ನಾಗಿ ಉಬ್ಬಿದವನ್ನು ಹೆಂಡತಿಯ ಕಡೆ ಸರಿಸುತ್ತಿದ್ದರು. ಎಂಟು ವರ್ಷದಿಂದ ಆ ಪೊಟ್ಟಣ ಮನೆಗೆ ಬಂದಿಲ್ಲ.

ಈಗಲೂ ಅವರು ಸಂತೆಗೆ ಹೋಗುತ್ತಾರೆ. ಚೀಲದಲ್ಲಿ ಖಾಲಿ ಎಣ್ಣೆ ಬಾಟಲಿ ಇದ್ದರೆ ಎಣ್ಣೆ ಬರುತ್ತದೆ, ಸಾಬೂನಿನ ಕಾಗದ ಇದ್ದರೆ ಸಾಬೂನು. ಹಾಗಾದರೆ ಎಣ್ಣೆ ಹತ್ತಿದ ಕಾಗದವೊಂದನ್ನು ಏಳನೆಯ ಮೊಳೆಗೆ ಸಿಕ್ಕಿಸಬಹುದಲ್ಲ?

ಹೀಗೆ ಕೇಳಿದರೆ ಕರೆಮ್ಮ ಬೇಡವೆಂದು ತಲೆಯಾಡಿಸುತ್ತಾರೆ.

‘ಸಿಕ್ಕಿಸಿದ್ರ ತರ್ತಾರ್ರಿ, ಖರೇ. ಆದ್ರ ಅದು ನಾ ತರಿಸಿದ್ದಾಗ್ತದ. ಅವ್ರು ತಂದಿದ್ದು ಆಗಂಗಿಲ್ಲ. ಉಳಿದಿದ್ದೆಲ್ಲ ಮೊಳಿಗಿ ಹಾಕೀನಿ, ಇದೊಂದು ಹಾಕಂಗಿಲ್ರಿ.’

ಈ ವಾರದ ಸಂತೆಯ ಸಂಜೆ. ಕರೆಮ್ಮ ಹತ್ತಿ ಬಿಡಿಸುವ ಕೆಲಸ ಮುಗಿಸಿ ಬಂದು ಹೊಸ್ತಿಲಲ್ಲಿ ಕುಳಿತಿದ್ದಾರೆ. ಬಸ್ಸಿಳಿದ ಯಂಕಣ್ಣ ಚೀಲ ಕೊಟ್ಟು, ಬಡಿಗೆಯನ್ನು ಆರನೆಯ ಮೊಳೆಗೆ ತೂಗುಹಾಕಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋಗುತ್ತಾರೆ. ಕರೆಮ್ಮ ಚೀಲಕ್ಕೆ ಕೈ ಹಾಕುತ್ತಾರೆ. ಎಣ್ಣೆ. ಸಾಬೂನು. ಮತ್ತೊಮ್ಮೆ ತಳದ ತನಕ ಕೈಯಾಡಿಸಿ ಚೀಲವನ್ನು ಮಡಚಿಡುತ್ತಾರೆ.

ಅದೇ ಬಸ್ಸಿನಲ್ಲಿ ಬಂದ ಖಂಡಪ್ಪ ಮನೆಯ ಮುಂದೆ ಹಾದುಹೋಗುವಾಗ ನಿಲ್ಲುತ್ತಾರೆ. ಯಂಕಣ್ಣ ಇವತ್ತು ಬಸ್ಸು ತಪ್ಪಿಸಿಕೊಳ್ಳುವವನಿದ್ದ, ನಾನೇ ಕೈ ಹಿಡಿದು ಹತ್ತಿಸಿದೆ ಎಂದು ಹೇಳುತ್ತಾರೆ. ಭಜಿ ಗಾಡಿಯ ಮುಂದೆ ನಿಂತುಬಿಟ್ಟಿದ್ದನಂತೆ. ಎಷ್ಟು ಕೊಡಲಿ ಎಂದು ಗಾಡಿಯವ ಕೇಳಿದರೆ ‘ಏನೋ ಇತ್ತು, ಏನೋ ಇತ್ತು’ ಎನ್ನುತ್ತ ಬಾಣಲೆಯನ್ನೇ ನೋಡುತ್ತಿದ್ದನಂತೆ.

ಕರೆಮ್ಮ ಎದ್ದು ನಿಲ್ಲುತ್ತಾರೆ. ಯಾರಾದರೂ ಕರೆದುಕೊಂಡು ಹೋಗಿ ನಿಲ್ಲಿಸಿದ್ದರೋ, ತಾವಾಗಿಯೇ ಹೋಗಿದ್ದರೋ ಎಂದು ಕೇಳುತ್ತಾರೆ. ಅವನೊಬ್ಬನೇ ಇದ್ದ ಎನ್ನುತ್ತಾರೆ ಖಂಡಪ್ಪ. ಕರೆಮ್ಮ ಅದನ್ನೇ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಮರುದಿನ ನಸುಕಿನಲ್ಲಿ ಮತ್ತೆ ಕಡ್ಡಿ, ಟವೆಲ್, ಅಂಗಿ, ಗಂಟು, ಬಾಟಲಿ, ಬಡಿಗೆ. ಏಳನೆಯ ಮೊಳೆಗೆ ಹಿಡಿದ ತುಕ್ಕನ್ನು ಸೆರಗಿನಿಂದ ಒರೆಸಿ ಅದನ್ನು ಬರಿದೇ ಬಿಡುತ್ತಾರೆ.

‘ನಿಂತಿದ್ರಲ್ರಿ’ ಎನ್ನುತ್ತಾರೆ. ‘ನಾ ಹೇಳ್ದೇನೇ ನಿಂತಿದ್ರು.’