ಇಬ್ಬರ ಅಳತೆಯ ಸಾರು

೧೯೫೭, ಜುಲೈ ೧೪, ಭಾನುವಾರ. ಬೆಳಿಗ್ಗೆ ಹತ್ತೂಕಾಲಿಗೆ ಬರೆಯಲು ಕುಳಿತೆ.

ಒಬ್ಬನ ಮಟ್ಟಿಗೆ ಸಾರು ಮಾಡುವುದು ಮನುಷ್ಯನಿಂದ ಆಗುವ ಕೆಲಸವಲ್ಲ. ಅನ್ನವನ್ನು ಒಂದು ಹಿಡಿ ಬೇಯಿಸಬಹುದು, ಹಪ್ಪಳವನ್ನು ಒಂದೇ ಸುಡಬಹುದು. ಸಾರು ಮಾತ್ರ, ಎಷ್ಟು ಕಡಿಮೆ ಬೇಳೆಯಿಂದ ಆರಂಭಿಸಿದರೂ, ಹುಳಿ ಹೆಚ್ಚಾಯಿತೆಂದು ನೀರು, ನೀರಾಯಿತೆಂದು ಇನ್ನೊಂದು ಚಮಚ ಪುಡಿ, ಪುಡಿ ಘಾಟಾಯಿತೆಂದು ಮತ್ತೆ ನೀರು, ಹೀಗೆ ಏರುತ್ತ ಏರುತ್ತ ಸರಿಯಾಗಿ ಇಬ್ಬರ ಅಳತೆಗೆ ಬಂದು ನಿಲ್ಲುತ್ತದೆ. ಸಾರು ಉಳಿದ ದಿನ ದಿನಚರಿಯ ಅಂಚಿನಲ್ಲಿ ಒಂದು ಗೀಟು ಎಳೆಯುವುದು ನನ್ನ ಪದ್ಧತಿ. ಈ ತಿಂಗಳು ಗೀಟಿಲ್ಲದ ದಿನವೇ ಇಲ್ಲ. ಓದುಗರು ನನ್ನನ್ನು ಜಿಪುಣನೆಂದು ತಿಳಿಯಬಾರದು. ನಾನು ಸರ್ಕಾರದ ಸಲಹಾ ಸಮಿತಿಯೊಂದರ ಶೀಘ್ರಲಿಪಿಕಾರ, ಲೆಕ್ಕವಿಡುವುದು ಕಚೇರಿಯಿಂದ ಅಂಟಿಬಂದ ಜಾಡ್ಯ.

ಆ ಸಮಿತಿಯ ಕೆಲಸವನ್ನೂ ಹೇಳಿಬಿಡುತ್ತೇನೆ. ಊರಿನ ಸುತ್ತ ಕಾರ್ಖಾನೆಗಳು ಏಳುತ್ತಿವೆ. ಅವಕ್ಕೆ ಬೇಕಾದ ಕಸಬುದಾರರು ಇಲ್ಲಿ ಸಾಲರು ಎಂದು ಮಾಲೀಕರು, ಧಾರಾಳವಾಗಿ ಸಾಲುತ್ತಾರೆ ಎಂದು ಇಲ್ಲಿನವರು. ಹೊರಗಿನಿಂದ ಯಾವ ಕಸಬಿನವರನ್ನು ಕರೆಸಬೇಕು, ಬಂದವರು ನಿಲ್ಲಬೇಕಾದರೆ ಏನು ಕೊಡಬೇಕು, ಅವರಿಂದ ನಮ್ಮ ಹುಡುಗರು ಕೆಲಸ ಕಲಿಯುವುದು ಹೇಗೆ ಎಂಬುದನ್ನೆಲ್ಲ ಸರ್ಕಾರ ತಾನೇ ಕೂತು ವಿಚಾರಿಸಲಾರದ್ದರಿಂದ, ಐವರು ಹಿರಿಯರನ್ನು ಒಂದು ಮೇಜಿನ ಸುತ್ತ ಕೂರಿಸಿ, ಎಲ್ಲರನ್ನೂ ಕೇಳಿ ನಮಗೆ ಹೇಳಿ ಎಂದಿದೆ. ಹೇಳಬಹುದು, ಆಜ್ಞಾಪಿಸುವಂತಿಲ್ಲ. 'ಸಮಿತಿ'ಯೊಳಗೇ 'ಮಿತಿ' ಕೂತಿದೆಯಷ್ಟೆ.

ಸಾಕ್ಷಿಗಳಿಗೆ ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡಕ್ಕೆ ತರುವುದು ನನ್ನ ಪಾಲಿಗೆ ಬಂತು. ಕಸಬು ಬಲ್ಲವನಿಗೆ 'ಕುಶಲ' ಎಂಬ ಪದವನ್ನು ಹೆಮ್ಮೆಯಿಂದ ಆರಿಸಿದೆ. ಹರಿತವಾದ ಕುಶದ ಹುಲ್ಲನ್ನು ಕೈ ಕೊಯ್ದುಕೊಳ್ಳದೆ ತರಬಲ್ಲವನೇ ಕುಶಲ ಎಂದು ಸಂಸ್ಕೃತದ ಮೇಷ್ಟರು ಹೇಳಿಕೊಟ್ಟಿದ್ದರು. ನನ್ನ ಹೆಮ್ಮೆ ಮೊದಲನೆಯ ಸಾಕ್ಷಿಯವರೆಗೆ ಬಾಳಿತು. ಕುರುಬರಹಳ್ಳಿಯ ಕಡೆ ಎರಕದ ಕಾರ್ಖಾನೆ ಇಟ್ಟಿದ್ದ ಹಿರಿಯರು ಅವರು. ಅಧ್ಯಕ್ಷರು ನಾನು ಬರೆದುಕೊಟ್ಟಂತೆಯೇ, "ನಿಮ್ಮಲ್ಲಿ ಕುಶಲರು ಎಷ್ಟು ಮಂದಿ?" ಎಂದು ಕೇಳಿದರು.

"ದೇವರ ದಯೆ ಸಾರ್, ಎಲ್ರೂ ಕುಶಲ. ನಮ್ಮ ತಾಯಿಗೆ ಮಾತ್ರ ಸ್ವಲ್ಪ ಮಂಡಿನೋವು. ತಾವು?"

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಪೆನ್ಸಿಲಿನ ಮೊನೆಯ ಕಡೆ ನೋಡಿದೆ.

ಅಂಥ ಕುಶಲನೊಬ್ಬ ನನ್ನ ಕೋಣೆಯಲ್ಲೇ ಇದ್ದ. ಕಂದಸ್ವಾಮಿ, ಕೊಯಮತ್ತೂರಿನವನು, ಮರಳಿನಲ್ಲಿ ಅಚ್ಚು ಕೂರಿಸಿ ಕರಗಿದ ಕಬ್ಬಿಣ ಹೊಯ್ಯುವ ಅಚ್ಚುಗಾರ. ರಾಜಾಜಿನಗರದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ನಿವೇಶನದ ನಂಬರುಕಲ್ಲುಗಳೇ ಹೆಚ್ಚು. ಸಂಜೆ ಬಸ್ಸಿಳಿದು ಬರುವಾಗ ದೂರದಲ್ಲೊಂದು ಕಿಟಕಿ ಬೆಳಗಿದ್ದರೆ ಅವನು ಸ್ಟೋವ್ ಹಚ್ಚಿದ್ದಾನೆ ಎಂದರ್ಥ. ಬಾಗಿಲಲ್ಲೇ ನನ್ನ ವಿಚಾರಣೆ.

"ಏನ್ ಕಮಿಟಿ ಸಾರ್, ನನಗೆ ಮನೆ ಬಂತಾ?"

"ಮುಂದಕ್ಕೆ ಹಾಕಿದ್ರಪ್ಪಾ."

"ಹಾಕ್ಲಿ, ಹಾಕ್ಲಿ. ವಳ್ಳಿಗೆ ದೀಪಾವಳಿ ಅಂತ ಮಾತು ಕೊಟ್ಟಿದೀನಿ. ಅಷ್ಟರಲ್ಲಿ ಹೆಂಡ್ತೀನ ಕರ್ಕೊಂಡು ಬರೋಕೆ ಮನೆ ಸಿಗ್ಲಿಲ್ಲ ಅಂದ್ರೆ ನಾನೇ ಊರಿಗೆ ಹೊರಟೆ. ಆಮೇಲೆ ನಿಮ್ಮ ಸಾರಿಗೆ ಉಪ್ಪು ಯಾರು ನೋಡ್ತಾರೆ?"

ಸಮಿತಿಗಳು ಎಲ್ಲವನ್ನೂ ಮುಂದೂಡುತ್ತವೆ ಎಂದು ಪತ್ರಿಕೆಯವರು ಬೈಯುತ್ತಾರೆ. ಆ ಮುಂದೂಡಿಕೆಯನ್ನು ನನ್ನಷ್ಟು ಭಕ್ತಿಯಿಂದ ಬಯಸಿದವರು ಇನ್ನೊಬ್ಬರಿರಲಾರರು. ಮನೆ ಕೊಡಿ ಎಂದು ಸಲಹೆ ಹೋದರೆ ಅವನು ಕ್ವಾರ್ಟರ್ಸಿಗೆ, ಬೇಡ ಎಂದು ಹೋದರೆ ಕೊಯಮತ್ತೂರಿಗೆ; ಏನೂ ತೀರ್ಮಾನವಾಗದಷ್ಟು ಕಾಲ ನನ್ನ ಕೋಣೆಯಲ್ಲಿ.

ಯುಗಾದಿ ಕಳೆದ ವಾರದ ಸಭೆಯಲ್ಲಿ ವಿಷಯ ಮತ್ತೆ ಎದ್ದಿತು. ನಮ್ಮ ಹುಡುಗರಿಗೆ ತರಬೇತಿಯಿಲ್ಲದೆ ಹೊರಗಿನವರಿಗೆ ಮನೆ ಕೊಡುವುದು ನ್ಯಾಯವಲ್ಲ ಎಂದು ನಿವೃತ್ತ ಇಂಜಿನಿಯರೊಬ್ಬರು; ಕಲಿಸುವವನೇ ಊರಿಗೆ ಓಡಿದರೆ ಕಲಿಯುವವನು ಗೋಡೆ ನೋಡಬೇಕು ಎಂದು ಕಾರ್ಖಾನೆಯ ಪರವಾದ ಸದಸ್ಯರು. ಮಾತು ಅಲ್ಲಿಗೆ ಸಿಕ್ಕಿಕೊಂಡಿತು. ಅಧ್ಯಕ್ಷರು ನನ್ನತ್ತ ತಿರುಗಿದರು.

"ಏನಯ್ಯಾ, ನಿನ್ನ ರೂಮಲ್ಲಿ ಒಬ್ಬ ಅಚ್ಚುಗಾರ ಇದಾನೆ ಅಂದಿದ್ಯಲ್ಲ. ಮನೆ ಕೊಟ್ರೆ ನಿಲ್ತಾನೇನು?"

'ಗೊತ್ತಿಲ್ಲ ಸಾರ್' ಎಂದಿದ್ದರೆ ಮುಂದಿನ ಸಭೆಗೆ ಹೋಗುತ್ತಿತ್ತು. ಮುಂದಿನ ಸಭೆಯೆಂದರೆ ಇನ್ನೊಂದು ತಿಂಗಳ ಸಾರು.

"ನಿಲ್ತಾನೆ ಸಾರ್. ಹೆಂಡ್ತಿ ಬಂದ್ರೆ ಇಲ್ಲೇ ನಿಲ್ತಾನೆ. ಇಲ್ಲಾಂದ್ರೆ ದೀಪಾವಳಿಗೆ ಹೊರಡ್ತಾನೆ. ಹುಡುಗರಿಗೆ ಕಲಿಸೋಕೂ ತಯಾರಿದಾನೆ," ಎಂದೆ. ಆಮೇಲೆ ನನ್ನ ಮಾತನ್ನು ನಾನೇ ಶೀಘ್ರಲಿಪಿಯಲ್ಲಿ ಬರೆದುಕೊಂಡೆ.

ಇಬ್ಬರು ಹುಡುಗರಿಗೆ ಕಸಬು ಕಲಿಸಲು ಒಪ್ಪುವ ಹೊರಗಿನ ಕುಶಲನಿಗೆ ಸಂಸಾರದ ಮನೆ ಎಂಬ ಸಲಹೆ ಹೋಯಿತು. ಸಲಹೆಗಳು ಬೀರುವಿನಲ್ಲಿ ನಿದ್ರಿಸುವುದೇ ವಾಡಿಕೆ. ಇದೊಂದನ್ನು ಸರ್ಕಾರ ಒಪ್ಪಿಬಿಟ್ಟಿತು. ಕಂದಸ್ವಾಮಿಯ ಟ್ರಂಕನ್ನು ಜಟಕಾಗೆ ಏರಿಸಿದವನೂ ನಾನೇ. "ದೂರ ಏನಿಲ್ಲ ಸಾರ್, ಬರ್ತಾ ಇರಿ," ಎಂದ. ಹೋಗಿದ್ದೆ. ವಳ್ಳಿಯಮ್ಮ ಮಣೆ ಹಾಕಿ, ಸಾಕೆಂದರೂ ಬಿಡದೆ ಬಡಿಸಿದರು. ನಡುವೆ ಗಂಡಹೆಂಡಿರು ತಮಿಳಿನಲ್ಲಿ ಏನನ್ನೋ ಹೇಳಿಕೊಂಡು ನಕ್ಕರು; ನಾನೂ ನಕ್ಕೆ, ಏಕೆಂದು ತಿಳಿಯದೆ. ಸಾರಿನ ಉಪ್ಪನ್ನು ಯಾರೂ ನನ್ನಿಂದ ನೋಡಿಸಲಿಲ್ಲ. ಅತಿಥಿಗೆ ಆ ಅಧಿಕಾರವಿರುವುದಿಲ್ಲ.

ನಾನೂ ಕಡೂರಿನಿಂದ ಈ ಊರಿಗೆ ಬಂದವನೇ. ನನ್ನಂಥವನನ್ನು ಕರೆಸಿ ಎಂದು ಯಾವ ಸಮಿತಿಯೂ ಸಲಹೆ ಕೊಟ್ಟಿರಲಿಲ್ಲ. ಬಂದವನು ನಿಲ್ಲಲು ಏನು ಬೇಕೆಂದು ಕೇಳುವ ಸಮಿತಿಯೂ ಇನ್ನೂ ರಚಿತವಾಗಿಲ್ಲ. ಅಮ್ಮನಿಗೆ ಬರೆಯುವಾಗ ಪ್ರತಿ ಸಲ ಕಾಗದದ ತಲೆಯಲ್ಲಿ 'ಉಭಯ ಕುಶಲೋಪರಿ' ಎಂದು ಕೈ ತಾನಾಗಿ ಬರೆಯುತ್ತಿತ್ತು. ಮೊನ್ನೆ ಅಲ್ಲೇ ನಿಂತಿತು. ಕುಶಲವನ್ನು ನಮ್ಮ ಹಿರಿಯರು ಒಬ್ಬನ ಮಟ್ಟಿಗೆ ಬರೆಯಲೇ ಇಲ್ಲವಲ್ಲ. 'ಉಭಯ' ಎಂದು ಮೊದಲೇ ಇಬ್ಬರಿಗೆ ಅಳೆದು ಹಾಕಿದ್ದಾರೆ, ಸಾರಿನ ಹಾಗೆ.

ಒಲೆಯ ಮೇಲಿನದು ಈಗ ಕುದಿ ಬಂದಿದೆ, ಇಂದೂ ಇಬ್ಬರ ಅಳತೆಯೇ. ಒಬ್ಬನ ಮಟ್ಟಿಗೆ ಸಾರು ಮಾಡುವ ಬಗೆಯನ್ನು ಬಲ್ಲವರು ಓದುಗರಲ್ಲಿ ಯಾರಾದರೂ ಇದ್ದರೆ, ಈ ಪತ್ರಿಕೆಯ ಮೂಲಕ ದಯವಿಟ್ಟು ನನಗೆ ಬರೆಯಿರಿ. ಬೇಳೆ ಎಷ್ಟು, ನೀರು ಎಷ್ಟು ಎಂಬುದು ಕೊನೆಗಿರಲಿ. ಮೊದಲನೆಯ ಸಾಲಿನಲ್ಲಿ ಕುಶಲವೇ ಎಂದು ಕೇಳಿ.