ಆರಾಮ ಎಂಬ ಕಾಯಿಲೆ

ನಮ್ಮ ಮನೆತನದಲ್ಲಿ "ಹೆಂಗದೀರಿ?" ಎಂಬ ಪ್ರಶ್ನೆಗೆ ಉತ್ತರ ಒಂದೇ: "ಆರಾಮ ಅದೀವ್ರಿ." ಜ್ವರದಲ್ಲಿ ಮೈ ಕುದಿಯುತ್ತಿದ್ದರೂ ಉತ್ತರ ಬದಲಾಗದು. ಮರ್ಯಾದೆಗೆ ಕೇಳಿದವರ ಮೇಲೆ ನಮ್ಮ ನೋವು ಹೊರಿಸಬಾರದು ಎಂಬುದು ಶಿಕಾರಿಪುರದ ನಮ್ಮ ಹಿರಿಯರ ಘನ ಸಿದ್ಧಾಂತ. ಆ ಸಿದ್ಧಾಂತಕ್ಕೆ ಅವ್ವನೇ ಪೀಠಾಧಿಪತಿ.

ತೊಂಬತ್ತರ ದಶಕದ ಒಂದು ಬೇಸಗೆಯಲ್ಲಿ, ಸೊರಬದ ಹತ್ತಿರ ಜಡೆ ಎಂಬ ಊರಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದ ಅವ್ವನಿಗೆ ಹೊಟ್ಟೆನೋವು ಶುರುವಾಯಿತು. ಓಂಕಾಳಿನ ಕಷಾಯ ಕುಡಿದಳು. ಮರುದಿನ ಕುಡಿದದ್ದೆಲ್ಲ ವಾಂತಿ. ಗೋಡೆ ಕಡೆ ತಿರುಗಿ ಸೆರಗು ಕಚ್ಚಿಕೊಂಡು ಮಲಗಿದ್ದನ್ನು ಕಂಡು ಅಕ್ಕ ನನಗೆ ಫೋನ್ ಮಾಡಿಸಿದಳು. ನಾನು ಓಡಿಹೋಗಿ ಅವ್ವನನ್ನು ಸೊರಬದ ಒಂದು ಆಸ್ಪತ್ರೆಗೆ ಕರೆತಂದೆ.

ಡಾಕ್ಟರನ್ನು ಕಂಡದ್ದೇ ತಡ, ಅವ್ವ ಸೆರಗು ಸರಿಮಾಡಿಕೊಂಡು ಎದ್ದು ಕೂತಳು.

"ಹೇಗಿದ್ದೀರಮ್ಮ?"

"ಆರಾಮ ಅದೀನ್ರಿ. ತಮ್ದು ನಾಷ್ಟಾ ಆತ್ರಾ?"

"ಹೊಟ್ಟೆನೋವು?"

"ಈಗೇನಿಲ್ರಿ. ಇವ್ನೇ ಸುಮ್ನೆ ಗಾಬ್ರಿ ಆಗ್ಯಾನ."

"ಗ್ಯಾಸ್ ಇರ್ಬೇಕು. ಮಾತ್ರೆ ಕೊಡ್ತೀನಿ, ಮನೆಗೆ ಕರ್ಕೊಂಡು ಹೋಗಿ," ಎಂದು ಡಾಕ್ಟರು ಎದ್ದರು.

ಅವ್ವನ ತುಟಿಯ ಮೇಲೆ ಬೆವರು ಮೂಡಿತ್ತು. ಕಾಲ್ಬೆರಳು ಹಾಸಿಗೆಯನ್ನು ಕಚ್ಚಿ ಹಿಡಿದಿದ್ದವು. ಮನೆಗೆ ಕರೆದುಕೊಂಡು ಹೋದರೆ ಏನಾಗುತ್ತದೆ ಎಂದು ಯೋಚಿಸಿ ಡಾಕ್ಟರನ್ನು ತಡೆದೆ.

"ಸಾರ್, ನಮ್ಮವ್ವನ ಮಾತು ನಂಬಬ್ಯಾಡ್ರಿ. ಸುಳ್ಳು ಹೇಳ್ತಾಳೆ."

ಪಕ್ಕದ ಮಂಚದವರು ನಕ್ಕರು. "ನೋಡ್ರಿ, ಹೆತ್ತವ್ವನ್ನ ನಾಕು ಮಂದಿ ಮುಂದೆ ಸುಳ್ಳಿ ಅಂತಾನೆ! ಇದಕ್ಕಾ ಓದ್ಸಿದ್ದು?" ಎಂದಳು ಅವ್ವ.

"ರೋಗಿನೇ ನೋವಿಲ್ಲ ಅಂತಿದಾರೆ. ನಿಮಗೆಲ್ಲಿ ನೋವು ಮಾರಾಯ್ರೆ?" ಎಂದರು ಡಾಕ್ಟರು.

ಡಾಕ್ಟರಿಗೆ ಎದುರು ಮಾತಾಡಿದವರು ನಮ್ಮ ವಂಶದಲ್ಲೇ ಇರಲಿಲ್ಲ. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಎರಡೂ ಕೈ ಮುಗಿದುಕೊಂಡಿರದಿದ್ದರೆ ಅದನ್ನು ವೀರಭಂಗಿ ಎಂದು ಕರೆಯಬಹುದಿತ್ತು.

"ಅವಳನ್ನ ಕೇಳಬ್ಯಾಡ್ರಿ ಸಾರ್. ಹೊಟ್ಟೆ ಮುಟ್ಟಿ ನೋಡ್ರಿ. ಆಮೇಲೂ ಏನಿಲ್ಲ ಅಂದ್ರೆ ಹೋಗ್ತೀವಿ."

ಡಾಕ್ಟರು ನಿಟ್ಟುಸಿರು ಬಿಟ್ಟು ವಾಪಸು ಬಂದು, ಅವ್ವನನ್ನು ಮಲಗಿಸಿ, ಹೊಟ್ಟೆಯ ಬಲಗಡೆ ಒತ್ತಿ ಕೈ ಬಿಟ್ಟರು. ಅವ್ವ ನಗುತ್ತಲೇ ಇದ್ದಳು, ಆದರೆ ಮಂಚದ ಕಂಬಿ ಹಿಡಿದ ಅವಳ ಬೆರಳಗೆಣ್ಣು ಬೆಳ್ಳಗಾಗಿದ್ದವು. ಡಾಕ್ಟರು ಇನ್ನೊಮ್ಮೆ ಒತ್ತಿದರು. ಅವರ ಮುಖ ಬದಲಾಯಿತು.

"ಹೊಟ್ಟೆ ಹಲಗೆ ಹಾಗೆ ಗಟ್ಟಿಯಾಗಿದೆ. ಅಪೆಂಡಿಕ್ಸ್ ಒಡೆದಿರಬಹುದು," ಎಂದವರೇ ನರ್ಸ್ ಕಡೆ ತಿರುಗಿ, "ಜೀಪಿಗೆ ಹೇಳಿ. ಶಿವಮೊಗ್ಗಕ್ಕೆ. ಈಗಲೇ," ಎಂದರು.

ವಾದ ಗೆದ್ದಿದ್ದೆ. ಸೋತಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅಲ್ಲಿಯವರೆಗೆ ಅದು ನನ್ನೊಬ್ಬನ ಭಯವಾಗಿತ್ತು. ಈಗ ಅದಕ್ಕೆ ಡಾಕ್ಟರ ಮೊಹರು ಬಿದ್ದಿತ್ತು.

ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಅವ್ವ ಉಳಿದಳು ಎಂಬುದು ಆಮೇಲಿನ ಮಾತು. ಜೀಪಿನಲ್ಲಿ ನನಗೆ ಅದೇನೂ ಗೊತ್ತಿರಲಿಲ್ಲ. ಗುಂಡಿ ಬಂದಾಗಲೆಲ್ಲ "ನಿಧಾನ, ನಿಧಾನ" ಎಂದು ಡ್ರೈವರಿಗೆ ಹೇಳುತ್ತಿದ್ದೆ. ಊರು ದಾಟಿದ ಮೇಲೆ ಅವ್ವ ನನ್ನ ಅಂಗಿ ಹಿಡಿದೆಳೆದು, ಡ್ರೈವರಿಗೆ ಕೇಳಿಸದ ಹಾಗೆ, "ಭಾಳ ನೋಯ್ತೈತಪ್ಪಾ," ಎಂದಳು.

"ಗುಂಡಿ ನೋಡಬ್ಯಾಡ್ರಿ," ಎಂದು ಕೂಗಿದೆ. "ಹೊಡೀರಿ, ಜೋರಾಗಿ ಹೊಡೀರಿ!"